ನೋಡದೆ ಬಿಟ್ಟ ಪಾದಗಳು

ನಗ್ಮಾ ದಾವಣಗೆರೆಯಲ್ಲಿ ಕೃತಕ ಕಾಲು ತಯಾರಿಸುವ ಘಟಕವೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಿದ್ದಳು. ಹೊಸ ರಬ್ಬರಿನ ಪಾದಗಳನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅವು ಬಾಳಿಕೆ ಬರುತ್ತಿವೆಯೇ ಎಂದು ನೋಡಿಬರುವ ಕೆಲಸ ಅವಳಿಗೆ ಬಿತ್ತು.

"ಎಲ್ಲಾ ನೋಡಾಕೆ ಆಗಲ್ಲ, ಅರವತ್ತು ಸಾಕು," ಎಂದಿದ್ದರು ಮೇಲಧಿಕಾರಿ ವಿನಯ್ ಕುಮಾರ್. "ಆದ್ರೆ ನಾಲ್ಕೂ ತಾಲ್ಲೂಕಿಂದ ಚೀಟಿ ಎತ್ತಿ ಆರಿಸ್ರಿ. ಕೈಗೆ ಸಿಕ್ಕವರನ್ನ ನೋಡಿ ಬಂದ್ರೆ ಪ್ರಯೋಜನ ಇಲ್ಲ."

ನಗ್ಮಾ ಹಾಗೇ ಆರಿಸಿದಳು. ಆಯ್ಕೆಯಾದವರಿಗೆಲ್ಲ ಫೋನ್ ಮಾಡಿ, ಬರುತ್ತೇನೆಂದೂ ಹೇಳಿದಳು. ಮೂರು ತಾಲ್ಲೂಕು ಮುಗಿಯುವಷ್ಟರಲ್ಲಿ ನಲವತ್ತೈದು ಪಾದ ನೋಡಿದ್ದಳು, ಒಂದರಲ್ಲೂ ಬಿರುಕಿರಲಿಲ್ಲ. ಉಳಿದದ್ದು ಜಗಳೂರು. ಏಪ್ರಿಲ್ ಬಿಸಿಲು, ಊರಿಂದೂರಿಗೆ ಸರಿಯಾದ ಬಸ್ಸಿಲ್ಲ, ಮನೆಯಲ್ಲಿ ತಂಗಿ ಅಫ್ಸಾನಾಳ ನಿಶ್ಚಿತಾರ್ಥದ ಗಡಿಬಿಡಿ. ಇಷ್ಟು ಚೆನ್ನಾಗಿರುವಾಗ ಅವೂ ಚೆನ್ನಾಗಿಯೇ ಇರುತ್ತವೆ ಅಂದುಕೊಂಡಳು. ಸಂತೆಯ ದಿನ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ, ಅಲ್ಲಿ ಸಿಕ್ಕವರ ಪಾದಗಳನ್ನೇ ನೋಡಿ ಅರವತ್ತು ತುಂಬಿಸಿ, ಅದನ್ನು ಹೇಳದೆ ವರದಿ ಕೊಟ್ಟಳು. ಅದೇ ರಬ್ಬರಿನಲ್ಲಿ ಇನ್ನಷ್ಟು ಪಾದ ಮಾಡಲು ಒಪ್ಪಿಗೆ ಸಿಕ್ಕಿತು.

ಮಳೆಗಾಲದಲ್ಲಿ ಜಗಳೂರು ಕಡೆಯ ಆಶಾ ಕಾರ್ಯಕರ್ತೆ ಅಂಬಿಕಾ ಫೋನ್ ಮಾಡಿದಳು. "ಮೇಡಂ, ನಮ್ಮೂರ ಮೂಕಮ್ಮ ಬಿದ್ದಾರೆ. ನೀವು ಕೊಟ್ಟ ಪಾದ ಅರ್ಧಕ್ಕೆ ಮುರಿದೈತೆ. ಮುಂಗೈನೂ ಮುರಿದೈತೆ."

ಹೆಸರು ಕೇಳಿದ ಕೂಡಲೇ ನಗ್ಮಾಳಿಗೆ ಗೊತ್ತಾಯಿತು. ಚೀಟಿಯಲ್ಲಿ ಬಂದಿದ್ದ ಹೆಸರು.

ಮರುದಿನ ಹೋದಾಗ ಮೂಕಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಕುರಿ ಹಿಂದೆ ಕಲ್ಲುಗುಡ್ಡ ಸುತ್ತುವ ಹೆಂಗಸು. ಪಾದದ ಹಿಮ್ಮಡಿ ಸವೆದು, ಅಂಗಾಲಿನ ನಡುವೆ ಸೀಳಿತ್ತು.

"ಸೀಳು ಯಾವಾಗ ಕಂಡ್ತಮ್ಮಾ?"

"ಬ್ಯಾಸಿಗೇಲೇ ಕಂಡಿತ್ತು ತಾಯಿ. ಹೆಂಗಿದ್ರೂ ನೋಡಾಕೆ ಬರ್ತೀವಿ ಅಂದಿದ್ರಲ್ಲ, ಬರ್ಲಿ ಅಂತ ಸುಮ್ನಾದೆ."

ನಗ್ಮಾ ಮುರಿದ ಪಾದವನ್ನು ಕೆಳಗಿಟ್ಟಳು. "ಬರಬೇಕಾಗಿದ್ದವಳು ನಾನೇ. ದೂರ ಅಂತ ಬರಲಿಲ್ಲ."

ಮೂಕಮ್ಮ ಬೈಯಲಿಲ್ಲ. "ಮೇಯ್ಸಾಕೆ ಯಾರೂ ಇಲ್ಲ ಅಂತ ಕುರಿ ಮೊನ್ನೆ ಮಾರಿದ್ವಿ," ಎಂದಳು.

ಅಂಬಿಕಾಳನ್ನು ಕರೆದುಕೊಂಡು ನಗ್ಮಾ ಸಂಜೆಯವರೆಗೆ ಸುತ್ತಿದಳು. ಕಲ್ಲುನೆಲದಲ್ಲಿ ಓಡಾಡುವವರ ಪಾದಗಳಲ್ಲಿ ಅರ್ಧಕ್ಕರ್ಧ ಬಿರುಕು ಬಿಟ್ಟಿದ್ದವು. ದಾವಣಗೆರೆಗೆ ವಾಪಸಾದವಳೇ ವಿನಯ್ ಕುಮಾರರಿಗೆ ಎಲ್ಲವನ್ನೂ ಹೇಳಿದಳು.

"ನಲವತ್ತೈದೇ ನೋಡಿದೆ ಅಂದಿದ್ರೆ ನಾನೇ ಜಗಳೂರಿಗೆ ಹೋಗ್ತಿದ್ದೆ ನಗ್ಮಾ," ಎಂದಷ್ಟೇ ಹೇಳಿದರು ಅವರು.

ತಯಾರಿಕೆ ನಿಂತಿತು. ಕೊಟ್ಟಿದ್ದ ಪಾದಗಳನ್ನೆಲ್ಲ ವಾಪಸು ತರಿಸಿದರು. ತಪಾಸಣೆಯಿಂದ ಬಿಡಿಸಿ ನಗ್ಮಾಳನ್ನು ಕಾಲು ಜೋಡಿಸುವ ಕೋಣೆಗೆ ಹಾಕಿದರು.

ದೀಪಾವಳಿ ಕಳೆದ ಮೇಲೆ ಮೂಕಮ್ಮ ಹೊಸ ಪಾದಕ್ಕೆ ಬಂದಳು. ನಗ್ಮಾ ಮಂಡಿಯೂರಿ ಪಟ್ಟಿ ಬಿಗಿದಳು. ಎದ್ದು ನಿಂತ ಮೂಕಮ್ಮ ಗೋಡೆಯ ಕಂಬಿ ಹಿಡಿಯಲು ನೋಡಿದಳು. ಸೊಟ್ಟಗೆ ಕೂಡಿಕೊಂಡ ಮುಂಗೈಗೆ ಹಿಡಿತ ಸಿಗಲಿಲ್ಲ. ನಗ್ಮಾ ಭುಜ ಕೊಟ್ಟಳು. ಮೂಕಮ್ಮ ಅದನ್ನು ಊರಿಕೊಂಡು ನಿಧಾನಕ್ಕೆ ನಡೆದಳು. ನಗ್ಮಾಳಿಗೆ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ.