ಒಣ ಬಟ್ಟೆ, ನೆನೆದ ಬಟ್ಟೆ

ಶೆಡ್ಡಿನ ಬಾಗಿಲ ಮೇಲೆ ‘ದೋಣಿ ಕಾರ್ಖಾನೆ’ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ದುಡಿಯುತ್ತಿದ್ದವರು ಮನೆಯವರೇ ಮೂವರು. ಅಪ್ಪ ತೀರಿಕೊಂಡ ಮೇಲೆ ದೋಣಿಯ ಅಚ್ಚಿನ ಕೆಲಸವೆಲ್ಲ ಅಕ್ಕನ ಪಾಲಿಗೆ ಬಂತು, ಆಫೀಸಿನದು ತಮ್ಮನ ಪಾಲಿಗೆ. ಕೂತು ಹಂಚಿಕೊಂಡದ್ದಲ್ಲ. ತಮ್ಮನಿಗೆ ದೋಣಿಗೆ ಬಳಿಯುವ ರೆಸಿನ್ ಅಂಟಿನ ವಾಸನೆ ಬಡಿದರೆ ತಲೆ ಸಿಡಿಯುತ್ತಿತ್ತು. ಅಕ್ಕನಿಗೆ ಗಿರಾಕಿಗಳ ಹತ್ತಿರ ನಯವಾಗಿ ಮಾತಾಡಲು ಬರುತ್ತಿರಲಿಲ್ಲ. ಹಾಗಾಗಿ ಅವನು ಆಫೀಸಿನ ಗಾಜಿನ ಗೋಡೆಯ ಆಚೆ, ಇವಳು ಈಚೆ. ಬಟ್ಟೆ ಕತ್ತರಿಸುವುದಕ್ಕೆ ಸೋದರಮಾವ ಇದ್ದ. ಕತ್ತರಿಗಿಂತ ಅವನ ನಾಲಿಗೆ ಹರಿತ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಅದುವರೆಗೆ ಅವರು ಮಾಡುತ್ತಿದ್ದದ್ದು ಮೀನು ಹಿಡಿಯುವವರ ಸಣ್ಣ ದೋಣಿಗಳನ್ನು. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿಗೆ ಹಾಸಿ, ಬ್ರಷ್ಷಿನಿಂದ ರೆಸಿನ್ ಬಳಿದು, ಗಟ್ಟಿಯಾದ ಮೇಲೆ ಕಿತ್ತು ತೆಗೆಯುವುದು. ಆ ವರ್ಷ ನದಿಯ ದಂಡೆಯ ಕ್ಲಬ್ಬಿನಿಂದ ತರಬೇತುದಾರನೊಬ್ಬ ಬಂದು, ಒಬ್ಬರೇ ಕೂತು ಹುಟ್ಟು ಹಾಕುವ ಪಂದ್ಯದ ದೋಣಿಗಳು ಬೇಕು ಎಂದ. ಕಾರ್ಬನ್ ನಾರಿನ ಬಟ್ಟೆಯಲ್ಲೇ ಆಗಬೇಕು, ಹೆಗಲ ಮೇಲೆ ಹೊತ್ತರೆ ಹೊತ್ತದ್ದೇ ಗೊತ್ತಾಗಬಾರದು. ಬ್ರಷ್ಷಿನಿಂದ ಬಳಿದರೆ ದೋಣಿ ಅಷ್ಟು ಹಗುರ ಆಗುವುದಿಲ್ಲ.

ತಮ್ಮ ಎಲ್ಲೆಲ್ಲೋ ವಿಚಾರಿಸಿ ಬಂದು ಎರಡು ದಾರಿ ಇವೆ ಎಂದ. ಒಂದು, ಒಣ ಬಟ್ಟೆ. ಅಚ್ಚಿಗೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚು ಬಿಗಿದು, ಪಂಪಿನಿಂದ ಒಳಗಿನ ಗಾಳಿ ಎಳೆಯಬೇಕು. ಆ ಎಳೆತಕ್ಕೆ ರೆಸಿನ್ ಪೈಪಿನಲ್ಲಿ ಬಂದು ಬಟ್ಟೆಯುದ್ದಕ್ಕೂ ಹರಡುತ್ತದೆ. ಎಲ್ಲಾದರೂ ಹರಡದೆ ಒಣಗಿ ಉಳಿದರೆ ಮಾಡಿದ್ದೆಲ್ಲ ಮಣ್ಣುಪಾಲು. ಇನ್ನೊಂದು, ನೆನೆದ ಬಟ್ಟೆ, ಕಂಪನಿಯಲ್ಲೇ ರೆಸಿನ್ ಹಿಡಿಸಿ ಸುರುಳಿ ಸುತ್ತಿ ಕಳಿಸುವಂಥದು. ಅದಕ್ಕೆ ಪ್ರಿಪ್ರೆಗ್ ಎಂದು ಹೆಸರು. ಫ್ರೀಜರಿನಲ್ಲಿ ಇಟ್ಟಿರಬೇಕು, ಬೇಕಾದಾಗ ತೆಗೆದು ಕೈಯಿಂದ ಒತ್ತಿ ಒತ್ತಿ ಅಂಟಿಸಬೇಕು, ಕೊನೆಗೆ ಓವನ್ನಿನಲ್ಲಿ ಬೇಯಿಸಬೇಕು.

“ಬಟ್ಟೆನ ಫ್ರೀಜರಲ್ಲಿ ಇಟ್ಟು, ಓವನ್ನಲ್ಲಿ ಬೇಯಿಸಿ... ಬಡಿಸೋದು ಯಾವಾಗ ಮಗಾ?” ಎಂದ ಮಾವ.

ತಮ್ಮ ನಗಲಿಲ್ಲ. “ನೆನೆದ ಬಟ್ಟೆನೇ ತರ್ಸೋಣ ಅಕ್ಕ. ರೆಸಿನ್ ಅಳತೆ ತಪ್ಪೋ ಮಾತೇ ಇಲ್ಲ. ನೀನೇನಂತೀಯ?”

“ಯಾವುದಾದ್ರೂ ಒಂದು ತರ್ಸು.”

“ಯಾವುದಾದ್ರೂ ಅಂದ್ರೆ? ಮಾಡೋಳು ನೀನು.”

“ಅದಕ್ಕೇ ಹೇಳಿದ್ದು. ಯಾವುದು ತಂದ್ರೂ ಮಾಡೋಳು ನಾನೇ ತಾನೇ.”

ತಮ್ಮ ಮುಖ ಗಂಟಿಕ್ಕಿಕೊಂಡು ಆಫೀಸಿಗೆ ಹೋದ. ಕೊನೆಗೆ ಎರಡನ್ನೂ ಸ್ವಲ್ಪ ಸ್ವಲ್ಪ ತರಿಸಿ ದೋಣಿಯ ಮೂತಿಯ ಭಾಗವನ್ನಷ್ಟೇ ಮಾಡಿ ನೋಡಿದರು. ಒಣ ಬಟ್ಟೆಯದರಲ್ಲಿ ತುದಿಗೆ ರೆಸಿನ್ ತಲುಪದೆ ಒಂದು ಕಡೆ ಮಂಕಾಗಿ ಉಳಿಯಿತು. ನೆನೆದ ಬಟ್ಟೆಯದು ಓವನ್ನಿನಿಂದ ಕಪ್ಪು ಕನ್ನಡಿಯ ಹಾಗೆ ಹೊರಬಂತು, ತೂಕವೂ ಕಡಿಮೆ. ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಚೆನ್ನಾಗಿದೆ” ಎಂದಷ್ಟೇ ಹೇಳಿ ಕೆಳಗಿಟ್ಟಳು.

ಮಾರನೆಯ ದಿನ ಊಟದ ಹೊತ್ತಿಗೆ, ಪ್ರಿಪ್ರೆಗ್ಗಿಗೇ ಆರ್ಡರ್ ಹಾಕುತ್ತೇನೆ ಎಂದು ಹೇಳಲು ತಮ್ಮ ಹಿತ್ತಲ ಕಡೆ ಹೋದ. ಅಕ್ಕ ನಲ್ಲಿಯ ಕೆಳಗೆ ತೋಳು ಚಾಚಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಸದಾ ಮಣಿಕಟ್ಟಿನವರೆಗೆ ಇಳಿದಿರುತ್ತಿದ್ದ ಅಂಗಿಯ ತೋಳುಗಳನ್ನು ಮೇಲಕ್ಕೆ ಮಡಚಿದ್ದಳು. ಮೊಣಕೈವರೆಗೂ ಚರ್ಮ ಕೆಂಪಗೆ ಬಿರಿದಿತ್ತು. ಅಲ್ಲಲ್ಲಿ ನೀರು ಒಸರುತ್ತಿತ್ತು.

“ಇದೇನಕ್ಕ ಇದು?”

“ಏನಿಲ್ಲ, ಬೆವರುಸಾಲೆ.” ಅವಳು ಅಂಗಿಯ ತೋಳು ಇಳಿಸಲು ಹೋದಳು. ಒದ್ದೆ ಚರ್ಮಕ್ಕೆ ಬಟ್ಟೆ ತಾಗಿದೊಡನೆ ತುಟಿ ಕಚ್ಚಿಕೊಂಡಳು.

“ಬೆವರುಸಾಲೆ ಹೀಗಿರತ್ತಾ? ಎಷ್ಟು ದಿನದಿಂದ?”

“ಬಿಡೋ. ಹೇಳಿದ್ರೆ ನೀನು ಬಂದು ಬಳೀತಿದ್ಯಾ?”

ಅವನು ನಲ್ಲಿ ನಿಲ್ಲಿಸಿದ. ಅವತ್ತೇ ಮಧ್ಯಾಹ್ನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರಮ್ಮ ತೋಳುಗಳನ್ನು ತಿರುಗಿಸಿ ನೋಡಿದರು, ಊದಿದ ರೆಪ್ಪೆಗಳನ್ನೂ ನೋಡಿದರು. ಮೈಗೆ ರೆಸಿನ್ ಒಗ್ಗುತ್ತಿಲ್ಲ, ಒಮ್ಮೆ ಹೀಗಾದ ಮೇಲೆ ಮುಂದೆ ಒಗ್ಗುವುದೂ ಇಲ್ಲ, ಇನ್ನು ಸೋಕಿಸಿಕೊಳ್ಳಲೇಬಾರದು ಎಂದರು.

ತಮ್ಮನಿಗೆ ಜೀವ ಬಂದಂತಾಯಿತು. “ಹಾಗಿದ್ರೆ ಸರಿಹೋಯ್ತು ಡಾಕ್ಟ್ರೇ. ಈಗ ನೆನೆದ ಬಟ್ಟೆ ತರ್ಸ್ತಿದೀವಿ. ಬ್ರಷ್ ಇಲ್ಲ, ಬಕೆಟ್ ಇಲ್ಲ, ಎಲ್ಲಾ ಕ್ಲೀನು.”

“ನೆನೆದಿರೋದು ಯಾವುದ್ರಲ್ಲಿ?”

“ರೆಸಿನ್ನಲ್ಲೇ... ಅರ್ಧ ಗಟ್ಟಿಯಾಗಿರತ್ತೆ.”

“ಗಟ್ಟಿ ಆಗ್ದೇ ಇರೋ ಇನ್ನರ್ಧ ಇದೆಯಲ್ಲ, ಅದೇ ಸಾಕು. ಇಡೀ ದಿನ ಕೈಯಲ್ಲಿ ಒತ್ತೋ ಕೆಲಸ ಇವರಿಗೆ ಬೇಡ. ಬೇರೆಯವರಿಗೆ ಪರವಾಗಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅಕ್ಕ ಕಿಟಕಿಗೆ ತಲೆ ಆನಿಸಿ, ಮುಲಾಮು ಹಚ್ಚಿದ ತೋಳುಗಳನ್ನು ಯಾರದೋ ಸಾಮಾನು ಹಿಡಿದವಳ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ನೆನೆದ ಬಟ್ಟೆ ದೋಣಿನೇ ಚೆನ್ನಾಗಿರತ್ತೆ ಕಣೋ. ನಾನೇ ನೋಡಿದೆನಲ್ಲ. ಅದನ್ನೇ ತಗೋ. ಆ ಕೆಲಸ ಗೊತ್ತಿರೋರನ್ನ ಯಾರನ್ನಾದ್ರೂ ಇಟ್ಕೋ. ನಾನು ಮನೇಲಿರ್ತೀನಿ.”

“ಮನೇಲಿರೋದು ನಿಂಗೆ ಇಷ್ಟಾನಾ?”

ಈ ಪ್ರಶ್ನೆಯನ್ನು ಅಪ್ಪನೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ಲ. ಸಾಕುಸಾಕಾಗಿದೆ. ಯಾರಾದ್ರೂ ನಿಲ್ಸು ಅಂದ್ರೆ ಸಾಕು ಅಂತ ಕಾಯ್ತಿದ್ದೆ ಅನ್ಸತ್ತೆ. ಇವತ್ತು ಡಾಕ್ಟ್ರು ಅಂದಾಗ ಅಳು ಬಂತು, ಯಾಕೆ ಅಂತಾನೇ ಗೊತ್ತಾಗ್ಲಿಲ್ಲ.” ಬಸ್ಸು ಒಂದು ತಿರುವು ತಿರುಗಿತು. “ಬಟ್ಟೆ ಹಾಸೋದು ಮಾತ್ರ ಇಷ್ಟ. ಸುಕ್ಕಿಲ್ಲದ ಹಾಗೆ, ಅಚ್ಚಿಗೆ ಕೂತ್ಕೊಳ್ಳೋ ಹಾಗೆ ಹಾಸೋದು.”

ನಿಲ್ದಾಣ ಬಂದು ಇಳಿದ ಮೇಲೆ, ರಸ್ತೆ ದಾಟುವುದಕ್ಕೆ ಕಾಯುತ್ತ ತಮ್ಮ ಹೇಳಿದ:

“ಒಣ ಬಟ್ಟೆ ಹಾಸೋ ತನಕ ರೆಸಿನ್ ಡಬ್ಬ ತೆಗೆಯೋ ಹಾಗೇ ಇಲ್ಲ ಅಲ್ವಾ? ನೀನು ಹಾಸಿ, ಹಾಳೆ ಬಿಗಿದು ಆಚೆ ಹೋಗು. ಮಿಕ್ಕಿದ್ದು ನಾನು ಮಾಡ್ತೀನಿ.”

“ನಿಂಗೆ ತಲೆನೋವು.”

“ಬರ್ಲಿ. ಮಾತ್ರೆ ತಗೋತೀನಿ.”

“ದೋಣಿ ಭಾರ ಬರತ್ತೆ.”

“ಗೊತ್ತು. ಕ್ಲಬ್ಬಿನವನ ಹತ್ರ ನಾನು ಮಾತಾಡ್ತೀನಿ.”

ತೋಳಿನ ಗಾಯ ಆರುವವರೆಗೆ ಶೆಡ್ಡಿಗೆ ಬೀಗ ಹಾಕಿದರು. ಆಮೇಲೆ ರೆಸಿನ್ ಕಲಸಲು ಹಿಂಬದಿಯಲ್ಲಿ ಬೇರೆ ಕೋಣೆ ಕಟ್ಟಿಸಿದರು. ತಮ್ಮ ಮುಖಕ್ಕೆ ಮಾಸ್ಕು, ಕೈಗೆ ಗವಸು ಏರಿಸಿ ತುಂಡು ಹಲಗೆಗಳ ಮೇಲೆ ಬಟ್ಟೆ ಹಾಸಿ ಕಲಿಯತೊಡಗಿದ. ಒಂದರಲ್ಲಿ ಹಾಳೆಯೊಳಗೆ ಗಾಳಿ ನುಗ್ಗಿತು, ಇನ್ನೊಂದರಲ್ಲಿ ರೆಸಿನ್ ಅರ್ಧ ದಾರಿಯಲ್ಲೇ ಗಟ್ಟಿಯಾಯಿತು. ಅಕ್ಕ ಬಾಗಿಲಾಚೆಯಿಂದ ಹೇಳಿಕೊಡುತ್ತಿದ್ದಳು. ಸಿಟ್ಟು ಮಾಡುವಷ್ಟು ತ್ರಾಣವೂ ಅವಳಿಗಿರಲಿಲ್ಲ.

ಮೊದಲ ದೋಣಿಯ ದಿನ ಬೆಳಗಿನಿಂದ ಅವಳೇ ಬಟ್ಟೆ ಹಾಸಿದಳು. ಮಾವ ಕತ್ತರಿಸಿ ಕೊಟ್ಟಂತೆ ಒಂದೊಂದನ್ನೂ ಅಂಗೈಯಿಂದ ನೇವರಿಸಿ ಕೂರಿಸಿದಳು. ಹಾಳೆ ಬಿಗಿದು, ಅಂಚಿನುದ್ದಕ್ಕೂ ಕಿವಿಯಿಟ್ಟು, ಎಲ್ಲೂ ಗಾಳಿ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಗೆ ಹೋಗಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು.

ಒಳಗೆ ತಮ್ಮ ಎರಡೂ ಬದಿಯ ಪೈಪು ತೆರೆದ. ರೆಸಿನ್ ಕಪ್ಪು ಬಟ್ಟೆಯ ಮೇಲೆ ನಿಧಾನವಾಗಿ ತೆವಳತೊಡಗಿತು. ಸ್ವಲ್ಪ ಹೊತ್ತಿಗೆ ಬಲಗಡೆ ಮುಂದೆ ಹೋಯಿತು, ಎಡಗಡೆ ಹಿಂದುಳಿಯಿತು.

“ಅಕ್ಕಾ! ಎಡಗಡೆ ಬರ್ತಿಲ್ಲ!”

ಮಾವ ಹೊರಗೆ ಇಣುಕಿ ಬಂದ. “ನಿದ್ದೆ ಹೋಗಿದಾಳೆ ಮಗಾ. ಬಾಯಿ ತೆಗ್ದು ನಿದ್ದೆ ಹೋಗಿದಾಳೆ. ನಿಮ್ಮಪ್ಪ ಹೋದ ಮೇಲೆ ಅವಳು ಹಗಲಲ್ಲಿ ಮಲಗಿದ್ದು ನಾನು ನೋಡಿಲ್ಲ.”

“ಎಬ್ಬಿಸಿ ಮಾವ, ದೋಣಿ ಹೋಗತ್ತೆ!”

“ಹೋದ್ರೆ ಇನ್ನೊಂದು ಮಾಡಿದ್ರಾಯ್ತು. ನಾನು ಎಬ್ಸಲ್ಲ.”

ಮಾವನ ಮುಖ ನೋಡಿದ ತಮ್ಮ. ಬಲಗಡೆಯ ಪೈಪನ್ನು ಬೆರಳಿನಿಂದ ಹಿಸುಕಿ ಹಿಡಿದ. ಬಲಗಡೆಯ ಹರಿವು ತಗ್ಗಿತು. ಎಡಗಡೆಯದು ತೆವಳಿಕೊಂಡು ಬರುವವರೆಗೆ ಬೆರಳು ಮರಗಟ್ಟಿದರೂ ಬಿಡಲಿಲ್ಲ.

ದೋಣಿಯನ್ನು ಅಚ್ಚಿನಿಂದ ಕಿತ್ತಾಗ ಹಿಂಬದಿಯಲ್ಲಿ ಅಂಗೈಯಗಲದ ಒಂದು ಮಂಕು ಜಾಗ ಕಂಡಿತು. ಅದನ್ನು ಉಜ್ಜಿ ತೇಪೆ ಹಾಕಿದರು. ತರಬೇತುದಾರ ಬಂದು ಒಂದು ತುದಿ ಎತ್ತಿ ನೋಡಿ ಮುಖ ಹುಳ್ಳಗೆ ಮಾಡಿದ. ತಮ್ಮ ಅವನನ್ನು ಆಫೀಸಿಗೆ ಕರೆದೊಯ್ದು ಬಹಳ ಹೊತ್ತು ಮಾತಾಡಿದ. ಕಲಿಯುವವರಿಗೆ ಇದು ಸಾಕು, ಪಂದ್ಯಕ್ಕೆ ಮಾತ್ರ ಬೇರೆ ಕಡೆ ನೋಡುತ್ತೇನೆ ಎಂದು ಹೇಳಿ, ಅವನು ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ಹೋದ. ಆರ್ಡರ್ ಅರ್ಧಕ್ಕೆ ಇಳಿದಿತ್ತು.

ಗಾಡಿ ಮರೆಯಾದ ಮೇಲೆ ಅಕ್ಕ ತಮ್ಮ ಇಬ್ಬರೂ ಖಾಲಿ ಅಚ್ಚಿಗೆ ಒರಗಿ ನೆಲದ ಮೇಲೆ ಕೂತರು. ಶಟರ್ ಎಳೆಯಲು ಏಳುವುದಕ್ಕೂ ಇಬ್ಬರಿಗೂ ಮನಸ್ಸಾಗಲಿಲ್ಲ.

“ನಾಳೆ ಬೇಗ ಬರ್ಲಾ?” ಎಂದಳು ಅಕ್ಕ.

“ಬೇಡ. ನಿದ್ದೆ ಮುಗಿಸ್ಕೊಂಡು ಬಾ.”