ಮುಡಿ ಕೊಟ್ಟ ಹುಡುಗಿಯ ಹಾಜರಿ

“ಬೇಜಾರ್ ಮಾಡ್ಕೋಬೇಡಿ ಅಜ್ಜಿ. ನಾನು ಒಪ್ಪಿದ್ರೂ ಫೋನು ಒಪ್ತಾ ಇಲ್ಲ,” ಅಂದರು ಬಿಂದುಶ್ರೀ ಮಿಸ್ಸು.

ಮುನಿವೆಂಕಟಮ್ಮ ಶಾಲೆಯ ಜಗಲಿ ಹತ್ತಿ ಇನ್ನೂ ಉಸಿರು ಸುಧಾರಿಸಿಕೊಂಡಿರಲಿಲ್ಲ. ಅವಳ ಸೆರಗಿನ ಹಿಂದೆ ಮೂರನೇ ಕ್ಲಾಸಿನ ಮೊಮ್ಮಗಳು ಅಕ್ಷತ ಅವಿತು ನಿಂತಿದ್ದಳು. ಆಚೆಗೆ ಕಾಣುತ್ತಿದ್ದುದು ಗುಲಾಬಿ ಬಣ್ಣದ ಉಲ್ಲನ್ ಟೋಪಿಯ ಕುಚ್ಚು ಮಾತ್ರ. ಬಿಸಿಲು ಆಗಲೇ ಚುರುಗುಟ್ಟುತ್ತಿದ್ದರೂ ಹುಡುಗಿ ಆ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದಳು.

“ಒಪ್ಪಲ್ಲ ಅನ್ನೋಕೆ ಅದೇನು ಹೆಣ್ಣು ನೋಡೋಕೆ ಬಂದಿತ್ತಾ ಮಿಸ್ಸೇ?” ಅಂದಳು ಮುನಿವೆಂಕಟಮ್ಮ.

ಪಕ್ಕದ ಅಡಿಗೆ ಕೋಣೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಬೇಳೆ ತೊಳೆಯುತ್ತಿದ್ದ ಅಂಜಿನಮ್ಮ ಕಿಸಕ್ಕನೆ ನಕ್ಕಳು. ಮುನಿವೆಂಕಟಮ್ಮನಿಗೆ ಮಾತ್ರ ನಗು ಬರಲಿಲ್ಲ. ಎಲ್ಲಾ ತನ್ನಿಂದಲೇ ಆದದ್ದು ಅನ್ನುವ ಸಂಕಟ ಅವಳಿಗೆ.

ಮಳೆಗಾಲದಲ್ಲಿ ಅಕ್ಷತಳಿಗೆ ಜ್ವರ ಬಂದು ನೆಲಮಂಗಲದ ಆಸ್ಪತ್ರೆಯಲ್ಲಿ ಮಲಗಿದಾಗ ಅಜ್ಜಿ ಗೋಡೆಗೆ ತಲೆ ಆನಿಸಿಕೊಂಡು, “ಘಾಟಿ ಸುಬ್ಬಪ್ಪಾ, ಮಗೂನ ಉಳಿಸ್ಕೊಡು, ಅದರ ಮುಡಿ ನಿಂಗೆ” ಅಂತ ಹರಕೆ ಹೊತ್ತಿದ್ದಳು. ಮಗು ಉಳಿಯಿತು. ದೇವರ ಬಾಕಿ ಇಟ್ಟುಕೊಳ್ಳುವುದುಂಟೆ? ಕಳೆದ ಭಾನುವಾರ ಘಾಟಿ ಗುಡಿಗೆ ಹೋಗಿ ಹರಕೆ ತೀರಿಸಿದ್ದಾಯಿತು. ಕ್ಷೌರದ ಕತ್ತಿ ಕಂಡಾಗ ಅಕ್ಷತ ಕೇಳಿದ್ದು ಒಂದೇ ಮಾತು: “ಇಸ್ಕೂಲಲ್ಲಿ ನಗ್ತಾರಾ ಅಜ್ಜಿ?” ಅಜ್ಜಿ ಎದೆ ತಟ್ಟಿಕೊಂಡು ಹೇಳಿದ್ದಳು, “ಒಬ್ರೂ ನಗಲ್ಲ. ನಕ್ಕೋರ ಹಲ್ಲು ಉದುರಿಸ್ತೀನಿ.”

ಸೋಮವಾರ ಮೊದಲಿಗೆ ನಿಜವಾಗಿಯೂ ಯಾರೂ ನಗಲಿಲ್ಲ. ಮುಡಿ ಕೊಡದ ತಲೆ ಆ ಊರಲ್ಲಿ ಯಾವುದಿದೆ? ಕೆಟ್ಟದ್ದು ಫೋನಿನಿಂದ. ಈ ವರ್ಷದಿಂದ ಆ ಶಾಲೆಯಲ್ಲಿ ಹೆಸರು ಕೂಗಿ ಹಾಜರಿ ಹಾಕುವುದು ನಿಂತಿತ್ತು. ಮಿಸ್ಸು ಫೋನನ್ನು ಒಂದೊಂದು ಮಗುವಿನ ಮುಖಕ್ಕೆ ಹಿಡಿಯಬೇಕು. ಮುಖ ಗುರುತು ಸಿಕ್ಕರೆ ಹಸಿರು ಗೆರೆ, ಹಾಜರಿ. ಕೆಲವೇ ಶಾಲೆಗಳಲ್ಲಿ ಹೀಗೆ ಮಾಡಿ ನೋಡಿ, ಸರಿಹೋದರೆ ಎಲ್ಲಾ ಕಡೆ ತರುವುದೆಂದು ಸರ್ಕಾರದ ಲೆಕ್ಕ. ಫೋನಿನಲ್ಲಿದ್ದ ಅಕ್ಷತ ಕೆಂಪು ಟೇಪಿನ ಎರಡು ಜಡೆಯವಳು. ಎದುರಿಗೆ ನಿಂತವಳು ಬೋಳುತಲೆಗೆ ಗಂಧ ಬಳಿದುಕೊಂಡವಳು. “ಈ ಮುಖ ದಾಖಲೆಯಲ್ಲಿಲ್ಲ” ಅಂತ ಫೋನು ಹೆಣ್ಣುದನಿಯಲ್ಲಿ ಗಟ್ಟಿಯಾಗಿ ಹೇಳಿಬಿಟ್ಟಿತು. ಯಾರೋ ಒಬ್ಬರು ಕಿಕ್ ಅಂದರು. ಆಮೇಲೆ ಇಡೀ ಕ್ಲಾಸೇ ನಕ್ಕಿತು.

ಅವತ್ತು ಮನೆಗೆ ಓಡಿ ಬಂದವಳು ಮತ್ತೆ ಹೊಸ್ತಿಲು ದಾಟಿರಲಿಲ್ಲ. “ಕೂದ್ಲು ಬಂದ್ಮೇಲೆ ಹೋಗ್ತೀನಿ” ಅನ್ನುತ್ತಿದ್ದಳು. ಆ ಮಾತಿಗೇ ಅಜ್ಜಿಗೆ ಭಯ. ಅವಳೂ ಚಿಕ್ಕವಳಿದ್ದಾಗ, ಎಮ್ಮೆ ಈದಿದೆ, ಎರಡು ದಿನ ಬಿಟ್ಟು ಹೋಗ್ತೀನಿ ಅಂತ ಇಸ್ಕೂಲು ಬಿಟ್ಟವಳು. ಆ ಎರಡು ದಿನ ಇನ್ನೂ ಮುಗಿದಿರಲಿಲ್ಲ.

ಅದಕ್ಕೇ ಇವತ್ತು ಹುಡುಗಿಯನ್ನು ಮುದ್ದಿಸಿ, ಗದರಿಸಿ, ಬಾಗಿಲವರೆಗಾದರೂ ಎಳೆದು ತಂದಿದ್ದಳು.

“ಹೊಸಾ ಫೋಟೋ ಹೊಡ್ದು ಹಾಕ್ಬಿಡಿ ಮಿಸ್ಸೇ.”

“ಹಳೇದನ್ನ ತೆಗೆಯೋ ಅಧಿಕಾರ ನಂಗಿಲ್ಲ ಅಜ್ಜಿ. ಮೇಲಿನೋರಿಗೆ ಕೇಳಿದೀನಿ, ಇನ್ನೂ ಉತ್ತರ ಬಂದಿಲ್ಲ.”

“ಹೋಗ್ಲಿ, ಮೊದಲಿನ ಥರ ಕೈಯಲ್ಲೇ ಬರ್ಕೊಳ್ಳಿ.”

ಬಿಂದುಶ್ರೀ ಪಕ್ಕಕ್ಕೆ ನೋಡಿದರು. ಅಲ್ಲಿ ಮರದ ಕುರ್ಚಿಯಲ್ಲಿ ಚೂಡಿದಾರದ ಹೆಂಗಸೊಬ್ಬರು ಕೂತಿದ್ದರು. ಹೆಸರು ಮಮತ. ಹೊಸ ಪದ್ಧತಿ ಹೇಗೆ ನಡೀತಿದೆ ಅಂತ ನೋಡಲು ಬೆಂಗಳೂರಿನ ಆಫೀಸಿನಿಂದ ಬಂದವರು. ಮುಂದೆ ಎಲ್ಲಾ ಶಾಲೆಗಳಿಗೂ ನಿಯಮ ಬರೆಯುವವರಲ್ಲಿ ಅವರೂ ಒಬ್ಬರು.

“ಕೈಯಲ್ಲಿ ಬರೀಬಾರ್ದು ಅಂತ ನಿಯಮ ಮಾಡಿದ್ದು ನಾವೇ ಅಜ್ಜಿ,” ಅಂದರು ಮಮತ. ದನಿಯಲ್ಲಿ ದರ್ಪವಿರಲಿಲ್ಲ. “ಎಷ್ಟೋ ಕಡೆ ಬಾರದಿರೋ ಮಕ್ಕಳಿಗೂ ಹಾಜರಿ ಬೀಳ್ತಿತ್ತು. ಮಗು ಇಸ್ಕೂಲು ಬಿಟ್ಟು ವರ್ಷ ಆಗಿದ್ರೂ ಹಾಜರಿಯಲ್ಲಿ ಮಾತ್ರ ದಿನಾ ಬರ್ತಿತ್ತು. ಎಲ್ಲಿ ಹೋಯ್ತು ಅಂತ ಹುಡುಕೋರೇ ಇರ್ತಿರಲಿಲ್ಲ.”

ಮುನಿವೆಂಕಟಮ್ಮ ತಲೆದೂಗಿದಳು. ತನ್ನನ್ನೂ ಹಾಗೆ ಯಾರಾದರೂ ಹುಡುಕಿಕೊಂಡು ಬಂದಿದ್ದರೆ ಅನ್ನಿಸಿತು.

“ಸರಿ ತಾಯಿ, ಒಳ್ಳೇದೇ ಮಾಡಿದೀರಿ. ಆದ್ರೂ ಒಂದ್ಮಾತು. ಘಾಟಿಯಿಂದ ವಾಪಸ್ ಬಂದಾಗ ನಮ್ಮನೆ ನಾಯಿ ಟೈಗರ್ರು ಈ ಮಗೂ ಮೇಲೇ ಬೊಗಳ್ತು. ಯಾರೋ ಅಂದ್ಕೊಂಡಿತ್ತು, ಪಾಪ. ಇವಳು ‘ಲೇ ಟೈಗರ್, ನಾನು ಕಣೋ’ ಅಂದ್ಲು ನೋಡಿ, ನಾಚ್ಕೊಂಡು ಕಾಲಿಗೇ ಬಿತ್ತು. ನಿಮ್ಮ ಫೋನಿಗೂ ಇವಳ ದನಿ ಒಂದ್ಸಲ ಕೇಳ್ಸಿ.”

ಮಮತ ನಕ್ಕುಬಿಟ್ಟರು. “ಇದಕ್ಕೆ ಕಣ್ಣು ಕೊಟ್ಟಿದೀವಿ ಅಜ್ಜಿ, ಕಿವಿ ಕೊಟ್ಟಿಲ್ಲ.”

“ನಂಗೆ ಮುಖಾನೂ ಬ್ಯಾಡ, ದನೀನೂ ಬ್ಯಾಡ,” ಅಂತ ಅಡಿಗೆ ಕೋಣೆಯಿಂದ ಅಂಜಿನಮ್ಮ ಕೂಗಿದಳು. “ತಟ್ಟೆ ತೋರ್ಸಿದ್ರೆ ಸಾಕು, ಬಡಿಸ್ತೀನಿ!”

ಆಗ ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. “ಮೊದ್ಲೆಲ್ಲಾ ಮಿಸ್ಸು ಹೆಸ್ರು ಕೂಗ್ತಿದ್ರು.”

ಮಮತ ಕುರ್ಚಿ ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. “ಹೌದಾ? ನೀನೇನಂತಿದ್ದೆ?”

ಟೋಪಿಯ ಕುಚ್ಚು ಇನ್ನೂ ಒಳಕ್ಕೆ ಸರಿಯಿತು.

“ಪಟ್ಟೀಲಿ ಮೊದಲ್ನೇ ಹೆಸರು ಇವಳದೇ ಮೇಡಂ,” ಅಂದರು ಬಿಂದುಶ್ರೀ. “ದನಿ ಅಂದ್ರೆ ದನಿ. ‘ಎಸ್ ಮಿಸ್’ ಅಂದ್ರೆ ಅಂಜಿನಮ್ಮನ ಕೈಯಲ್ಲಿ ಸೌಟು ಬೀಳೋದು. ಫೋನು ಬಂದ್ಮೇಲೆ ಕೂಗೋದು ಬಿಟ್ವಿ. ಟೈಮ್ ಉಳಿಯತ್ತೆ ಅಂತ.”

“ಇವತ್ತು ಕೂಗಿ.”

“ಅದು ಲೆಕ್ಕಕ್ಕೆ ಬರಲ್ವಲ್ಲಾ ಮೇಡಂ? ಹೆಂಗೂ ಗೈರು ಅಂತ ಮನೆಯೋರಿಗೆ ಮೆಸೇಜು ಹೋಗೇ ಹೋಗತ್ತೆ.”

“ಗೊತ್ತು. ಆದ್ರೂ ಕೂಗಿ.” ಮಮತ ಅಜ್ಜಿಯ ಕಡೆ ತಿರುಗಿದರು. “ನಿಯಮ ನಾನೊಬ್ಳೇ ಬದಲಾಯಿಸೋಕಾಗಲ್ಲ ಅಜ್ಜಿ. ಬರೆಯೋದಂತೂ ಬರೀತೀನಿ. ಮುಖ ಸಿಗದಿದ್ರೆ ಹೆಸರು ಕೂಗ್ಲಿ, ಮಿಸ್ಸು ಕೈಯಲ್ಲೇ ಹಾಕ್ಲಿ ಅಂತ. ಮೇಲಿನೋರು ಒಪ್ತಾರೋ ಬಿಡ್ತಾರೋ.”

“ಬರೀರಿ ತಾಯಿ. ಅವ್ರೇನು ಫೋನಾ, ಮನುಷ್ಯರಲ್ವಾ, ಒಪ್ತಾರೆ.”

ಬಿಂದುಶ್ರೀ ಒಳಗೆ ಹೋಗಿ ಮೇಜಿನ ಮುಂದೆ ನಿಂತರು.

“ಅಕ್ಷತ!”

ಜಗಲಿಯಲ್ಲಿ ಮುನಿವೆಂಕಟಮ್ಮ ಕದಲಲಿಲ್ಲ. ಸೆರಗನ್ನು ಹಿಡಿದ ಮುಷ್ಟಿ ಬಿಗಿಯಾದದ್ದು ಅವಳ ಹೆಗಲಿಗೆ ಗೊತ್ತಾಯಿತು. ದೂಡಿಬಿಡಲೇ ಅಂತ ಒಂದು ಮನಸ್ಸು. ಬೇಡ, ಕರೆದುಕೊಂಡು ಮನೆಗೆ ಹೋಗಿಬಿಡಲೇ ಅಂತ ಇನ್ನೊಂದು.

“ಅವ್ಳು ಬಂದವ್ಳೆ ಮಿಸ್,” ಅಂತ ಒಳಗಿನಿಂದ ಗೆಳತಿ ಮೋನಿಷಾಳ ದನಿ. “ಬಾಗ್ಲತ್ರ ಅಜ್ಜಿ ಹಿಂದೆ ನಿಂತವ್ಳೆ. ಟೋಪಿ ಕಾಣ್ತದೆ.”

“ನಿನ್ನ ಕೇಳ್ಲಿಲ್ಲ ಕಣೆ. ಅವಳ ಹಾಜರಿ ಅವಳೇ ಹೇಳ್ಬೇಕು.” ಮಿಸ್ಸಿನ ದನಿ ಮೆತ್ತಗಾಯಿತು. “ಅಕ್ಷತ?”

ಸೆರಗು ಹಗುರವಾಯಿತು.

“ಎಸ್ ಮಿಸ್!”

ಅಡಿಗೆ ಕೋಣೆಯಲ್ಲಿ ಏನೋ ಠಣ್ಣೆಂದು ಬಿತ್ತು. ಬೇಕೆಂದೇ ಬೀಳಿಸಿದಳೋ ಏನೋ, ಅಂಜಿನಮ್ಮನನ್ನು ನಂಬುವಂತಿಲ್ಲ. ಅಷ್ಟರಲ್ಲಿ ಅಕ್ಷತ ಟೋಪಿಯನ್ನು ಕಿತ್ತು ಅಜ್ಜಿಯ ಕೈಗೆ ತುರುಕಿ ಒಳಗೆ ಓಡಿದ್ದಳು. ಮೋನಿಷಾ ಚಾಪೆಯಲ್ಲಿ ಜಾಗ ಬಿಟ್ಟುಕೊಟ್ಟು, ಆಗತಾನೇ ಚಿಗುರುತ್ತಿದ್ದ ತಲೆಯ ಮೇಲೆ ಅಂಗೈ ಆಡಿಸಿದಳು.

“ಅಯ್ಯಪ್ಪಾ, ಹಲಸಿನಕಾಯಿ ಥರ ಚುಚ್ತದೆ ಕಣೇ!”

“ನೀನೂ ಘಾಟಿಗೆ ಹೋಗು, ನಿಂದೂ ಚುಚ್ತದೆ,” ಅಂದಳು ಅಕ್ಷತ.

ಮಿಸ್ಸು ಮುಂದಿನ ಹೆಸರು ಕೂಗಿದರು.

ಮುನಿವೆಂಕಟಮ್ಮ ಸದ್ದು ಮಾಡದೆ ಜಗಲಿ ಇಳಿದು ಗೇಟು ದಾಟಿದಳು. ಮಗ ಸೊಸೆ ಇಬ್ಬರೂ ದುಡಿಯುವ ಗೋಡೌನಿನೊಳಗೆ ಫೋನು ಬಿಡದ ಕಾರಣ, ಶಾಲೆಯಲ್ಲಿ ಕೊಟ್ಟಿದ್ದುದು ಅವಳದೇ ನಂಬರು. ಅರಿಶಿನಕುಂಟೆಯ ಕಡೆಯ ಹೆದ್ದಾರಿಯಿಂದ ಲಾರಿಗಳ ಹಾರನ್ನು ಕೇಳುವಲ್ಲಿಗೆ ಬರುವಷ್ಟರಲ್ಲಿ ಸೊಂಟದ ಚೀಲದಲ್ಲಿ ಫೋನು ಟಿಣ್ ಅಂತು. ಓದಲು ಬಾರದಿದ್ದರೂ ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ತೆಗೆದು ನೋಡಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಕೈಯಲ್ಲಿದ್ದ ಗುಲಾಬಿ ಟೋಪಿಯನ್ನು ಒಂದು ಸಲ ಕೊಡವಿ, ತಲೆಗೆ ಹಾಕಿಕೊಂಡು, ಮನೆಯ ದಾರಿ ಹಿಡಿದಳು.