ಕಾಲರ್ ಇಳಿಸಿದ ಮೇಲೆ

ಬಾಯಿಂದ ಒಂದು ಸದ್ದೂ ಹೊರಡಿಸದೆ ಡೈಲಾಗ್ ಹೊಡೆದ ಹೀರೋನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲ ತಾನೇ? ಹಾಗಾದರೆ ನೆಟ್ಟಗೆ ಕೂತು ಕೇಳಿ, ಎಂಟ್ರಿ ನನ್ನದು. ಹೆಸರು ಕೆಂಪರಾಜು. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಆಚೆ ಇರುವ ನಮ್ಮ ಹೈಸ್ಕೂಲಿನಲ್ಲಿ ಡೈಲಾಗ್ ಕೆಂಪ ಅಂದರೆ ಕಾಂಪೌಂಡಿನ ನಾಯಿಯೂ ಬಾಲ ಅಲ್ಲಾಡಿಸುತ್ತದೆ. ಇನ್ನೇನು ಸ್ಕೂಲಿಂದ ಆಚೆ ಬೀಳಬೇಕಿದ್ದ ಮುಕ್ತಿಯಾರನನ್ನು ಒಂಬತ್ತರಿಂದ ಹತ್ತನೇ ಕ್ಲಾಸಿಗೆ ದಾಟಿಸಿದವನು ನಾನು. ಅದೂ ಬರೀ ತುಟಿಯಲ್ಲಿ.

ಮುಕ್ತಿಯಾರನಿಗೆ ಕಿವಿ ಕೇಳುವುದಿಲ್ಲ. ಎರಡನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಜ್ವರ ಬಂದಿತ್ತಂತೆ. ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕ್ಯಾಂಪಿನಲ್ಲಿ ಕೊಟ್ಟ ಕಿವಿ ಮಿಷನ್ನು ಕ್ಲಾಸಿನ ಮಧ್ಯೆ ಕುಯ್ಯೋ ಅನ್ನುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಅವನು ಅದನ್ನು ಜಾಮಿಟ್ರಿ ಬಾಕ್ಸಿಗೆ ಹಾಕಿ ಮುಚ್ಚಿಬಿಟ್ಟ. ಆಮೇಲೆ ಅವನಿಗೆ ಉಳಿದದ್ದು ನಮ್ಮ ಬಾಯಿಗಳು. ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಆದರೆ ಸಮಾಜ ಪಾಠ ಮಾಡುತ್ತಿದ್ದ ಹೆಡ್‌ಮಾಸ್ಟರ್ ಮುನಿಶಾಮಯ್ಯನವರಿಗೆ ತುಟಿ ಇದೆಯೋ ಇಲ್ಲವೋ ಅನ್ನುವುದು ಮೀಸೆ ಕತ್ತರಿಸಿದರೆ ಮಾತ್ರ ಗೊತ್ತಾಗಬೇಕು. ಸಾಲದ್ದಕ್ಕೆ ಅವರು ಪಾಠ ಮಾಡುತ್ತಿದ್ದದ್ದು ಬೋರ್ಡಿಗೆ, ನಮಗಲ್ಲ.

ಇಂಥ ಮಕ್ಕಳಿಗೆ ಅಂತ ಇದ್ದ ವಿಶೇಷ ಶಿಕ್ಷಕಿ ಕೃಷ್ಣಮ್ಮ ಮೇಡಂ. ಒಂದು ಸ್ಕೂಟಿಯಲ್ಲಿ ಊರೂರು ಸುತ್ತಿ ನಮ್ಮಲ್ಲಿಗೆ ತಲುಪುವಷ್ಟರಲ್ಲಿ ತಿಂಗಳೇ ಆಗಿರುತ್ತಿತ್ತು. ಒಮ್ಮೆ ಅವರು ಬಂದಾಗ ನಾನು ಹಿಂದಿನ ಬೆಂಚಿನಲ್ಲಿ ವಿಲನ್ ಥರ ತುಟಿ ತಿರುಚಿ ಡೈಲಾಗ್ ಹೊಡೆಯುತ್ತಿದ್ದೆ. ಮುಕ್ತಿಯಾರ ಭುಜ ಕುಣಿಸಿ ನಗುತ್ತಿದ್ದ.

“ಇವನ ಬಾಯನ್ನ ಸಿನಿಮಾ ಪೋಸ್ಟರ್ ಥರ ಓದ್ಬೋದಲ್ಲಾ!” ಅಂದರು ಮೇಡಂ. “ಲೋ ಕೆಂಪರಾಜು, ನಾಳೆಯಿಂದ ಇವನ ಎದುರಿಗೆ ತಿರುಗಿ ಕೂತ್ಕೊ. ಸಾರ್ ಹೇಳಿದ್ದನ್ನ ಸದ್ದು ಮಾಡ್ದೆ ಇವನಿಗೆ ಹೇಳು.”

“ಡಬ್ಬಿಂಗಾ ಮೇಡಂ?”

“ಹೂಂ, ಡಬ್ಬಿಂಗೇ. ಆದ್ರೆ ಕಥೆ ಬದಲಾಯಿಸ್ಬೇಡ.”

ಬೋರ್ಡಿಗೆ ಬೆನ್ನು ಹಾಕಿ ಕೂರುವ ಲೈಸೆನ್ಸ್ ಸಿಕ್ಕಿತು. ಕಥೆ ಬದಲಾಯಿಸದೆ ಇರುವುದಕ್ಕೆ ನಾನೇನು ರೇಡಿಯೋನಾ? ಪಾಠದ ನಡುವೆ ಒಸಿ ಮಸಾಲೆ ಹಾಕುತ್ತಿದ್ದೆ. ಅದಕ್ಕೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದ. ನಾನು ಕಾಲರ್ ಎತ್ತಿದರೆ ಡೈಲಾಗ್, ನಗಬೇಕು. ಇಳಿಸಿದರೆ ಪಾಠ, ಬರೆಯಬೇಕು. ಮುಕ್ತಿಯಾರ ಒಂದು ಸಲವೂ ತಪ್ಪಲಿಲ್ಲ. ಕಾಲರ್ ಕೆಳಗಿದೆ ಅಂದರೆ ನನ್ನ ತುಟಿ ಅವನಿಗೆ ಅಚ್ಚಾದ ಪುಸ್ತಕ. ಅರ್ಧವಾರ್ಷಿಕದಲ್ಲಿ ಅವನಿಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬಂತು.

ವರ್ಷದ ಕೊನೆಗೆ ಹೆಡ್‌ಮಾಸ್ಟರ್ ಅವನ ಅಮ್ಮ ಗುಲ್ಜಾರ್ ಬೀಯನ್ನು ಕರೆಸಿದರು. ಕೃಷ್ಣಮ್ಮ ಮೇಡಂ ಕೂಡ ಬಂದಿದ್ದರು. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ.

“ನೋಡಮ್ಮಾ, ಬರೋ ವರ್ಷ ಪಬ್ಲಿಕ್ ಪರೀಕ್ಷೆ. ಇಸ್ಕೂಲ್ ರಿಸಲ್ಟ್ ಬಿದ್ರೆ ನನ್ನ ಕೇಳ್ತಾರೆ. ಇವನ್ನ ಮೈಸೂರ್ಗೆ, ಕಿವಿ ಕೇಳ್ದೋರ ಇಸ್ಕೂಲ್ಗೆ ಹಾಕ್ಬುಡು. ಹಾಸ್ಟೆಲ್ ಐತೆ, ಊಟ ಐತೆ.”

ಗುಲ್ಜಾರ್ ಬೀ ಗೂಡು ಬಿಚ್ಚಿ ನೂಲು ತೆಗೆಯುವ ಶೆಡ್ಡಿನಿಂದ ಹಾಗೇ ಎದ್ದು ಬಂದಿದ್ದರು. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. “ಅಷ್ಟು ದೂರ ಬ್ಯಾಡ ಸಾಬ್. ಕರೆಂಟ್ ಹೋದ್ರೆ ಇವ್ನು ಹೆದರ್ಕೋತಾನೆ. ಕತ್ಲಾಗೆ ಯಾರ್ ಬಾಯೀನೂ ಕಾಣಾಕಿಲ್ವಲ್ಲಾ. ಮನೇಲಾದ್ರೆ ನಾನು ಕೈ ಹಿಡ್ಕೋತೀನಿ. ಇಲ್ಲೇ ಓದ್ಲಿ. ಇಲ್ಲಾಂದ್ರೆ ಇವ್ರಪ್ಪ ಗೂಡು ಬಿಚ್ಚಾಕೆ ಕೂರುಸ್ಬುಡ್ತಾರೆ.”

“ಪಾಠ ಹಿಡೀತಾನೆ ಸಾರ್, ನೀವೇ ನೋಡಿ,” ಅಂದರು ಕೃಷ್ಣಮ್ಮ ಮೇಡಂ. “ಕ್ಲಾಸಲ್ಲಿ ಹೆಂಗೆ ಕಲೀತಾನೋ ಹಂಗೇ. ನೀವು ಓದಿ, ಕೆಂಪರಾಜು ತುಟಿ ಆಡಿಸ್ಲಿ, ಇವನು ಬೋರ್ಡ್ ಮೇಲೆ ಬರೀಲಿ.”

“ಬರುದ್ರೆ ಇರ್ಲಿ. ಇಲ್ದಿದ್ರೆ ಟಿ.ಸಿ. ತಗೊಂಡೋಗ್ಲಿ,” ಅಂದರು ಹೆಡ್‌ಮಾಸ್ಟರ್.

ಮಾರನೆಯ ದಿನ ಕ್ಲಾಸಿನ ಕಿಟಕಿಗಳೆಲ್ಲ ಹೌಸ್‌ಫುಲ್. ನಮ್ಮ ಕ್ಲಾಸಿನ ವಹಾಬ ಸರಳು ಹತ್ತಿ ನಿಂತಿದ್ದ. “ಡೈಲಾಗೂ, ಇವತ್ತು ಕಿತ್ತಾಕ್ಬುಡು ಕಣ್ಲಾ!” ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂತು ಪುಸ್ತಕ ನೋಡಿ ಓದಿದರು. ನಾನು ತುಟಿ ಆಡಿಸಿದೆ. ಮುಕ್ತಿಯಾರ ಬರೆದ. ಎಲ್ಲ ಸಾಲೂ ಸರಿ. ಹೆಡ್‌ಮಾಸ್ಟರ್ ಎದ್ದು ಚಪ್ಪಾಳೆ ತಟ್ಟಿದರು. ಗುಲ್ಜಾರ್ ಬೀ ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಮುಕ್ತಿಯಾರ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ. ಶುಭಂ.

ಬೇರೆ ಸ್ಕೂಲಿನ ಹುಡುಗರಿಗೆಲ್ಲ ನಾನು ಹೀಗೇ ಹೇಳಿದ್ದೇನೆ. ಚೆನ್ನಾಗಿ ಓಡುತ್ತದೆ. ಆದರೆ ನಡೆದದ್ದು ಇದಲ್ಲ.

ಮೊದಲ ಸಾಲು ಸರಿಹೋಯಿತು: ಕಪ್ಪು ಮಣ್ಣು ಹತ್ತಿ ಬೆಳೆಗೆ ಯೋಗ್ಯ. ಎರಡನೆಯದೂ ಸರಿ. “ಭೇಷ್ ಮುಕ್ತಿಯಾರ್!” ಅಂದರು ಕೃಷ್ಣಮ್ಮ ಮೇಡಂ. ನನಗೆ ಯಾರೂ ಭೇಷ್ ಅನ್ನಲಿಲ್ಲ. ಕಿಟಕಿಯಲ್ಲಿ ವಹಾಬ ನನ್ನ ಹಾಗೇ ತುಟಿ ತಿರುಚಿ ಅಣಕಿಸುತ್ತಿದ್ದ. ನಾನು ಅವನ ಕಡೆ ತಿರುಗಿ ಒಂದು ಲುಕ್ ಕೊಟ್ಟೆ. ಹುಬ್ಬು ಹಾರಿಸಿದೆ, ಕ್ರಾಪು ತೀಡಿದೆ. ಈ ಕಡೆ ತಿರುಗುವಷ್ಟರಲ್ಲಿ ಹೆಡ್‌ಮಾಸ್ಟರ್ ಮೂರನೇ ಸಾಲು ಓದಿ ಮುಗಿಸಿದ್ದರು. ನನಗೆ ಅದು ಕೇಳಿಸಿಯೇ ಇರಲಿಲ್ಲ.

ಇನ್ನೊಂದು ಸಲ ಹೇಳಿ ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಜನರ ಎದುರಿಗೆ ಡೈಲಾಗ್ ಕೆಂಪ ಹಾಗೆ ಕೇಳುವುದೇ? ಮುಕ್ತಿಯಾರ ಚಾಕ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಬಾಯಿಗೆ ಬಂದ ಸಿನಿಮಾ ಡೈಲಾಗನ್ನು ತುಟಿಯಲ್ಲಿ ಆಡಿಸಿಬಿಟ್ಟೆ.

ಅವನು ಒಂದು ಗಳಿಗೆ ತಡೆದ. ನನ್ನ ಕಾಲರ್ ನೋಡಿದ. ಕೆಳಗಿತ್ತು. ತಿರುಗಿ ಮುತ್ತಿನಂಥ ಅಕ್ಷರದಲ್ಲಿ ಬರೆದ: ಏಯ್ ಮುದುಕಾ, ನಿನ್ನ ದರ್ಬಾರು ಮುಗೀತು, ಕುರ್ಚಿ ಬಿಟ್ಟು ಎದ್ದೇಳು.

ಕಿಟಕಿಗಳೆಲ್ಲ ಬಿದ್ದು ಬಿದ್ದು ನಕ್ಕವು. ಕನ್ನಡ ಓದಲು ಬಾರದ ಗುಲ್ಜಾರ್ ಬೀ, ಎಲ್ಲರೂ ನಗುವುದನ್ನು ನೋಡಿ, ಮಗ ಗೆದ್ದ ಅಂತ ತಾವೂ ನಕ್ಕರು. ಹೆಡ್‌ಮಾಸ್ಟರ್ ನಿಜಕ್ಕೂ ಕುರ್ಚಿ ಬಿಟ್ಟು ಎದ್ದರು.

“ಯಾವನ್ಲಾ ಇದನ್ನ ಹೇಳ್ಕೊಟ್ಟೋನು? ನೀನಾ?”

ಕೃಷ್ಣಮ್ಮ ಮೇಡಂ ನನ್ನನ್ನು ನೋಡಿದರು. ಮುಕ್ತಿಯಾರನೂ ನೋಡಿದ.

“ನೀವು ಹೇಳಿದ್ದನ್ನೇ ಹೇಳ್ದೆ ಸಾರ್,” ಅಂದೆ. ಈ ಸಲ ಸದ್ದು ಮಾಡಿಯೇ ಅಂದೆ. ತುಟಿ ಎಂದಿನಂತೆ ಸ್ಪಷ್ಟವಾಗಿ ಆಡಿತು. ಮುಕ್ತಿಯಾರ ಅದನ್ನೂ ಓದಿಕೊಂಡ. ಚಾಕನ್ನು ಬೋರ್ಡಿನ ಅಂಚಿಗಿಟ್ಟ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಇನ್ನೂ ನಗುತ್ತಿದ್ದ ಅಮ್ಮನ ಪಕ್ಕ ಹೋಗಿ ನಿಂತ.

ನಾನೀಗ ಹತ್ತನೇ ಕ್ಲಾಸು. ಟಿ.ಸಿ. ತಗೊಂಡ ಅವನು ಮೈಸೂರಿಗೆ ಹೋಗಲಿಲ್ಲ. ಸ್ಕೂಲಿನ ದಾರಿಯಲ್ಲೇ ಅವರಪ್ಪನ ಶೆಡ್ಡು ಇದೆ. ಇಷ್ಟು ದಿನ ಸುತ್ತು ಹಾಕಿಕೊಂಡು ಓಡಾಡುತ್ತಿದ್ದವನು ನಿನ್ನೆ ಅದರ ಬಾಗಿಲಲ್ಲಿ ನಿಂತೆ. ಮುಕ್ತಿಯಾರ ಬಿಸಿನೀರಿನ ತೊಟ್ಟಿಯ ಮುಂದೆ ಕೂತಿದ್ದ. ಬಾಗಿಲಿನ ಬೆಳಕು ಮರೆಯಾದದ್ದಕ್ಕೆ ತಲೆ ಎತ್ತಿದ. ನಾನು ಎರಡೂ ಕೈಯಲ್ಲಿ ಕಾಲರ್ ಒತ್ತಿ ಇಳಿಸಿದೆ. ಬಾಯಿ ತೆರೆದೆ.

ಅವನು ಕಣ್ಣು ಕೆಳಗೆ ಹಾಕಿದ. ಹಬೆಯೊಳಗೆ ಬಗ್ಗಿ, ತೇಲುವ ಗೂಡುಗಳಲ್ಲಿ ರೇಷ್ಮೆ ಎಳೆಯ ತುದಿ ಹುಡುಕತೊಡಗಿದ.